ಕಲ್ಲಿಗೆ ಕೈ ತಾಕಿದ್ದು ಹೇಗೆ ಗೊತ್ತಾಗುತ್ತದೆ?

ವಿಜಯಪುರದ ಗೋಲಗುಮ್ಮಟಕ್ಕೆ ಹೋದವರಲ್ಲಿ ಬಹಳ ಮಂದಿ ಬಾಗಿಲ ಬಳಿ ತಲೆಯೆತ್ತಿ ನೋಡುವುದಿಲ್ಲ. ಬೇಗ ಮೇಲೇರಿ, ಗುಮ್ಮಟದೊಳಗೆ ಒಂದು ಕೂಗು ಹಾಕಿ, ಅದು ಮತ್ತೆ ಮತ್ತೆ ಮರಳುವುದನ್ನು ಕೇಳಬೇಕು ಅವರಿಗೆ. ಬಾಗಿಲ ಮೇಲ್ಗಡೆ ಸರಪಳಿ ಕಟ್ಟಿ ತೂಗುಬಿಟ್ಟ ಕಲ್ಲೊಂದಿದೆ. ಬಿಜಲಿ ಪತ್ಥರ್ ಎಂದು ಅದರ ಹೆಸರು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆಕಾಶದಿಂದ ಬಿದ್ದದ್ದು, ಗುಮ್ಮಟಕ್ಕೆ ಸಿಡಿಲು ಬಡಿಯದಂತೆ ಕಾಯುತ್ತದೆ ಎಂದು ಊರಲ್ಲಿ ಹೇಳುತ್ತಾರೆ.

ಇದರ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ಇಟ್ಟು ನೋಡೋಣ. ಕೃಷ್ಣೆ-ತುಂಗಭದ್ರೆಯ ನಡುವಿನ ಹೊಲಗಳಲ್ಲಿ ಉಳುವಾಗ ಒಮ್ಮೊಮ್ಮೆ ಅಂಗೈಯುದ್ದದ ಕರಿಕಲ್ಲು ಏಳುತ್ತದೆ. ಮೈಯೆಲ್ಲ ನಯ, ಒಂದು ತುದಿ ಕಿರಿದು, ಇನ್ನೊಂದು ತುದಿಗೆ ತೆಳ್ಳನೆಯ ಅಗಲವಾದ ಬಾಯಿ. ಇದು ಹೊಸ ಶಿಲಾಯುಗದ ಕೊಡಲಿ. ಮೂರು-ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಸಾಕಿ, ಕಿರುಧಾನ್ಯ ಬಿತ್ತುತ್ತಿದ್ದವರು ತಿಕ್ಕಿ ತಿಕ್ಕಿ ಮಾಡಿದ್ದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಇಂಥ ಕೊಡಲಿಗಳನ್ನು ರಾಶಿ ರಾಶಿ ತಯಾರಿಸಿದ ನೆಲೆಯೇ ಇದೆ. ಆದರೆ ಯುರೋಪಿನಿಂದ ಹಿಡಿದು ಏಷ್ಯಾದವರೆಗೆ ರೈತರು ಇಂಥ ಕಲ್ಲನ್ನು ಕಂಡಾಗ ಹೇಳುತ್ತಿದ್ದದ್ದು ಒಂದೇ ಮಾತು: ಇದು ಸಿಡಿಲಿನ ಕಲ್ಲು, ಮುಗಿಲಿನಿಂದ ಬಿದ್ದು ನೆಲ ಹೊಕ್ಕಿದೆ. ಮನೆಯಲ್ಲಿಟ್ಟರೆ ಸಿಡಿಲು ಬಡಿಯದು ಎಂದು ಜಂತಿಗೆ ಸಿಕ್ಕಿಸಿಡುತ್ತಿದ್ದರು. ಅದು ಕಬ್ಬಿಣ ಗೊತ್ತಿಲ್ಲದಿದ್ದ ಕಾಲದ ಜನರ ಹತಾರ ಎಂದು 16ನೆಯ ಶತಮಾನದಲ್ಲಿ ರೋಮಿನ ವೈದ್ಯ ಮಿಕೆಲೆ ಮೆರ್ಕಾಟಿ ಬರೆದಿಟ್ಟ. ಆ ಪುಸ್ತಕ ಅಚ್ಚಾಗಿದ್ದು ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 1717ರಲ್ಲಿ.

ಒಂದು ಕಲ್ಲು ಮುಗಿಲಿನಿಂದ ಬಂದದ್ದಂತೆ, ಅದನ್ನು ಕಟ್ಟಡಕ್ಕೆ ಕಟ್ಟಿದ್ದಾರೆ. ಇನ್ನೊಂದು ಮನುಷ್ಯನೇ ಮಾಡಿದ್ದು, ಅದನ್ನು ಮುಗಿಲಿನದೆಂದು ನಂಬಿದ್ದಾರೆ. ಹಾಗಾದರೆ ಮನುಷ್ಯ ಮಾಡಿದ್ದು ಯಾವುದು, ತಾನಾಗಿ ಆದದ್ದು ಯಾವುದು ಎಂದು ವಿಂಗಡಿಸುವುದು ಹೇಗೆ? ಪುರಾತತ್ವದವರು ಆರ್ಟಿಫ್ಯಾಕ್ಟ್ ಎಂದು ಕರೆಯುವುದನ್ನು ಈ ಅಧ್ಯಾಯದಲ್ಲಿ ಕೈವಸ್ತು ಎನ್ನುತ್ತೇನೆ. ಮಣ್ಣಿನ ಗಡಿಗೆ, ಬಳೆಚೂರು, ನಾಣ್ಯ, ಕಬ್ಬಿಣದ ಕುಡ, ಬಬಲೇಶ್ವರದ ತೋಟದಲ್ಲಿ ಹಾಸಿದ ಹನಿ ನೀರಾವರಿಯ ಪ್ಲಾಸ್ಟಿಕ್ ಪೈಪು, ಎಲ್ಲವೂ ಕೈವಸ್ತುಗಳೇ. 1972ರ ಪುರಾವಸ್ತು ಕಾಯ್ದೆ ಸಾಮಾನ್ಯವಾಗಿ 100 ವರ್ಷ ತುಂಬಿದ್ದನ್ನು ಮಾತ್ರ ಪುರಾವಸ್ತು ಎನ್ನುತ್ತದೆ. ವಿಜ್ಞಾನಕ್ಕೆ ವಯಸ್ಸಿನ ಹಂಗಿಲ್ಲ. ಗಡಿಗೆ, ಪೈಪಿನ ವಿಷಯದಲ್ಲಿ ಯಾರಿಗೂ ಸಂಶಯ ಬಾರದು. ತೊಡಕೆಲ್ಲ ಇರುವುದು ಕಲ್ಲಿನಲ್ಲಿ. ಆ ತೊಡಕು ಬಿಡಿಸಿಕೊಂಡರೆ ಉಳಿದವು ತಾವಾಗಿ ಬಿಡಿಸಿಕೊಳ್ಳುತ್ತವೆ.

ದುಂಡಗಿದ್ದರೆ ಸಾಲದು

ನೇರವಾಗಿದೆ, ದುಂಡಗಿದೆ, ಮೂಲೆ ಸರಿಯಾಗಿವೆ, ಆದ್ದರಿಂದ ಯಾರೋ ಮಾಡಿದ್ದು. ನಾವೆಲ್ಲ ಮೊದಲು ಹೀಗೇ ಯೋಚಿಸುತ್ತೇವೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಈ ಯೋಚನೆ ಅಲ್ಲಿಯೇ ಕೈಕೊಡುತ್ತದೆ. ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಶಿಲ್ಪಿ ಯಾರೂ ಇಲ್ಲ. ಕರಗಿದ ಶಿಲೆ ಆರುತ್ತ ಕುಗ್ಗುವಾಗ ಸಮ ಅಂತರದಲ್ಲಿ ಬಿರುಕು ಬಿಟ್ಟು, ಆ ಬಿರುಕುಗಳು ಕೆಳಗಿಳಿಯುತ್ತ ಹೋದುದರಿಂದ ಕಂಬಗಳಾದವು.

ವಿಜಯಪುರದ ನೆಲದಲ್ಲಿ ಇದೇ ಪಾಠ ಬೇರೆ ರೂಪದಲ್ಲಿ ಬಿದ್ದಿದೆ. ಇಲ್ಲಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಮೇಲೆ ಪದರಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಅದು ಸವೆದು ಆದದ್ದೇ ಡೋಣಿ ಕಣಿವೆಯ ಎರಿ ಮಣ್ಣು. ಈ ಕಲ್ಲು ಸವೆಯುವ ರೀತಿ ವಿಚಿತ್ರ. ಬಿರುಕುಗಳಲ್ಲಿ ನೀರು ಇಳಿದು ಕಲ್ಲಿನ ತುಂಡನ್ನು ಎಲ್ಲ ಕಡೆಯಿಂದ ಕೊಳೆಸುತ್ತದೆ. ಮೂಲೆಗಳಿಗೆ ಮೂರು ಮಗ್ಗುಲಿನಿಂದ ನೀರು ತಾಕುವುದರಿಂದ ಅವು ಮೊದಲು ಹೋಗುತ್ತವೆ. ಮೇಲಿನ ಸಿಪ್ಪೆ ಪದರು ಪದರಾಗಿ ಸುಲಿದು ನಡುವೆ ಗಟ್ಟಿ ಗುಂಡು ಉಳಿಯುತ್ತದೆ. ರಸ್ತೆಗೆ ಗುಡ್ಡ ಕಡಿದಲ್ಲಿ, ಬಾವಿ ತೋಡಿದಲ್ಲಿ ಇಂಥ ಗುಂಡುಗಳು ಸಾಲು ಸಾಲಾಗಿ ಕಾಣುತ್ತವೆ. ತೋಪುಗಳ ಊರಿನಲ್ಲಿ ಇವನ್ನು ಕಂಡು ಫಿರಂಗಿ ಗುಂಡು ಅಂದುಕೊಳ್ಳುವುದು ಸಹಜ.

ಬಾವಿಯಿಂದ ಮೇಲೆ ಬಂದ ಕಲ್ಲಿನ ಪೊಳ್ಳಿನಲ್ಲಿ ಮಿನುಗುವ ಹರಳುಗಳೂ ಹಾಗೆಯೇ. ಕತ್ತರಿಸಿಟ್ಟ ಮುಖಗಳು, ಚೂಪಾದ ಅಂಚುಗಳು. ಲಾವಾದೊಳಗೆ ಗಾಳಿಗುಳ್ಳೆ ಉಳಿದ ಜಾಗದಲ್ಲಿ ಖನಿಜದ ನೀರು ಇಂಗಿ, ಅಣುಗಳು ತಮ್ಮ ಜೋಡಣೆಯ ನಿಯಮದಂತೆ ಕೂತು ಆದ ಹರಳುಗಳು ಅವು.

ಆದ್ದರಿಂದ ಅಂದಚೆಂದ ಸಾಕ್ಷಿಯಾಗದು. ಮನುಷ್ಯ ಕಡೆದ ಕಲ್ಲುಗುಂಡಿನ ಮೈಮೇಲೆ ಚಾಣದ ಏಟುಗಳು ಉಳಿದಿರುತ್ತವೆ, ಸಣ್ಣ ಸಣ್ಣ ಕುಳಿಗಳಾಗಿ. ಒಡೆದು ನೋಡಿದರೆ ಒಳಗಿನ ಕಲ್ಲಿಗೂ ಹೊರಮೈಗೂ ಸಂಬಂಧವಿಲ್ಲ. ದೊಡ್ಡ ಬಂಡೆಯಿಂದ ಕಡಿದು ತೆಗೆದದ್ದು ಅದು. ಸವೆದು ಆದ ಗುಂಡಿನಲ್ಲಿ ಸಿಪ್ಪೆಗಳು ನಡುಗಲ್ಲನ್ನು ಸುತ್ತುವರಿದೇ ಇರುತ್ತವೆ. ನೋಡಬೇಕಾದ್ದು ವಸ್ತು ಹೇಗಿದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಹಾಗೆ ಆಗುವಾಗ ಏನೇನು ನಡೆಯಿತು ಎಂಬುದನ್ನು.

ಕಲ್ಲು ಒಡೆಯುವ ಬಗೆ

ಈಗ ತಿರುಳಿಗೆ ಬರೋಣ. ತಿಕೋಟಾ, ಬಬಲೇಶ್ವರದ ಕಡೆಯ ಮಡ್ಡಿ ನೆಲದಲ್ಲಿ ನಡೆಯುವಾಗ ಕರಿಕಲ್ಲಿನ ನಡುವೆ ಬೇರೆ ಬಣ್ಣದ ಸಣ್ಣ ಕಲ್ಲುಗಳು ಕಣ್ಣಿಗೆ ಬೀಳುತ್ತವೆ: ಹಾಲುಬಿಳುಪು, ಜೇನುಬಣ್ಣ, ತುಸು ಹಸಿರು. ಲಾವಾದ ಗುಳ್ಳೆಗಳಲ್ಲಿ ಹುಟ್ಟಿ, ಕರಿಕಲ್ಲು ಸವೆದ ಮೇಲೆ ಹೊರಬಿದ್ದ ಚಕಮಕಿ ಜಾತಿಯ ಕಲ್ಲುಗಳು ಅವು. ಇವುಗಳ ವಿಶೇಷ ಏನೆಂದರೆ ಒಳಗೆ ಎಳೆಯಿಲ್ಲ. ಕಟ್ಟಿಗೆಗೆ ಸೀಳುವ ದಿಕ್ಕು ಒಂದಿರುತ್ತದೆ, ಹಾಸುಗಲ್ಲಿಗೂ ಇರುತ್ತದೆ. ಈ ಕಲ್ಲಿಗೆ ಇಲ್ಲ. ಎಳೆಯಿಲ್ಲದ ಕಲ್ಲು ಒಡೆಯುವುದು ತನ್ನ ಇಷ್ಟದಂತೆ ಅಲ್ಲ, ಪೆಟ್ಟು ಹೇಳಿದಂತೆ.

ಇಂಥ ಕಲ್ಲಿನ ಅಂಚಿಗೆ ಹತ್ತಿರ ಇನ್ನೊಂದು ಗಟ್ಟಿ ಕಲ್ಲಿನಿಂದ ಹೊಡೆಯಿರಿ. ಪೆಟ್ಟು ಬಿದ್ದ ಚುಕ್ಕೆಯಿಂದ ಬಲವು ಶಂಕುವಿನ ಆಕಾರದಲ್ಲಿ ಒಳಕ್ಕೆ ಹರಡುತ್ತದೆ. ಅಂಚು ಹತ್ತಿರವಿದ್ದರೆ ಅರ್ಧ ಶಂಕು ಗಾಳಿಗೆ ಹೋಗುತ್ತದೆ, ಉಳಿದರ್ಧದ ಮೈಗುಂಟ ಕಲ್ಲು ಬಿಟ್ಟು ಒಂದು ಚಕ್ಕೆ ಹಾರುತ್ತದೆ. ಆ ಚಕ್ಕೆಯ ಒಳಮೈಯಲ್ಲಿ, ಪೆಟ್ಟು ಬಿದ್ದ ಜಾಗದ ಕೆಳಗೆ, ಬೆರಳಿಗೆ ಸಿಗುವಂಥ ಉಬ್ಬು ಇರುತ್ತದೆ. ಇದನ್ನು ಪೆಟ್ಟಿನುಬ್ಬು ಎನ್ನೋಣ. ಅದರಿಂದಾಚೆಗೆ ನವುರಾದ ವರ್ತುಲದ ಗೆರೆಗಳು. ಚಕ್ಕೆ ಕಳಚಿದ ತಾಯಿಗಲ್ಲಿನಲ್ಲಿ ಅಷ್ಟೇ ಆಳದ ತಗ್ಗು. ಬಿಸಿಲಿಗೆ, ಚಳಿಗೆ ಬಿರಿದ ಕಲ್ಲಿನಲ್ಲಿ ಈ ಉಬ್ಬು ಬರುವುದಿಲ್ಲ, ಏಕೆಂದರೆ ಅಲ್ಲಿ ಒಂದು ಚುಕ್ಕೆಯಿಂದ ಹೊರಟ ಬಲವೇ ಇಲ್ಲ.

ಇದಕ್ಕೊಂದು ಷರತ್ತಿದೆ. ಪೆಟ್ಟು ಬೀಳುವ ಮುಖಕ್ಕೂ ಚಕ್ಕೆ ಏಳಬೇಕಾದ ಮಗ್ಗುಲಿಗೂ ನಡುವಿನ ಮೂಲೆ 90 ಡಿಗ್ರಿಗಿಂತ ಕಿರಿದಾಗಿರಬೇಕು. ಅಗಲ ಮೂಲೆಗೆ ಎಷ್ಟು ಹೊಡೆದರೂ ಕಲ್ಲು ಜಜ್ಜಿಹೋಗುತ್ತದೆಯೇ ಹೊರತು ಒಳ್ಳೆಯ ಚಕ್ಕೆ ಏಳದು. ಎರಡು-ಮೂರು ಚಕ್ಕೆ ತೆಗೆದ ಮೇಲೆ ಆ ಮೂಲೆ ಕೆಡುತ್ತದೆ. ಮುಂದುವರಿಯಬೇಕೆಂದರೆ ಕಲ್ಲನ್ನು ತಿರುಗಿಸಬೇಕು, ಹೊಸ ಮೂಲೆ ಹುಡುಕಬೇಕು, ಇಲ್ಲವೇ ಸಣ್ಣ ಚಕ್ಕೆಯೊಂದನ್ನು ತೆಗೆದು ಮೂಲೆಯನ್ನು ತಾನೇ ಮಾಡಿಕೊಳ್ಳಬೇಕು. ಈ ಸಣ್ಣ ಚಕ್ಕೆಯಿಂದ ಯಾವ ಉಪಯೋಗವೂ ಇಲ್ಲ. ಅದನ್ನು ತೆಗೆದದ್ದು ಅದಕ್ಕಾಗಿ ಅಲ್ಲ, ಅದರ ನಂತರದ ಪೆಟ್ಟಿಗಾಗಿ.

ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇಷ್ಟೇ. ಪ್ರಕೃತಿಯೂ ಪೆಟ್ಟು ಕೊಡುತ್ತದೆ. ಪ್ರವಾಹದಲ್ಲಿ ಕಲ್ಲಿಗೆ ಕಲ್ಲು ಬಡಿಯುತ್ತದೆ, ದಡ ಕುಸಿಯುತ್ತದೆ, ದನದ ಗೊರಸು ತುಳಿಯುತ್ತದೆ. ಆದರೆ ಆ ಪೆಟ್ಟುಗಳಿಗೆ ಒಂದಕ್ಕೊಂದು ಪರಿಚಯವಿಲ್ಲ. ಮನುಷ್ಯನ ಕೆಲಸದಲ್ಲಿ ಈಗಿನ ಪೆಟ್ಟು ಮುಂದಿನ ಪೆಟ್ಟಿಗೆ ದಾರಿ ಮಾಡುತ್ತದೆ. ಅರ್ಥವಿಲ್ಲದ ಹಾಗೆ ಕಾಣುವ ಒಂದು ಹೆಜ್ಜೆ, ಅದರ ಮುಂದಿನ ಹೆಜ್ಜೆಯನ್ನು ನೋಡಿದಾಗ ಅರ್ಥವಾಗುತ್ತದೆ. ಇಂಥ ಕ್ರಮ ಕಲ್ಲಿನ ಮೈಮೇಲೆ ಓದಲು ಸಿಕ್ಕಿತೆಂದರೆ ಅದು ಕೈವಸ್ತು.

ಕ್ರಮವನ್ನು ಓದುವುದು ಹೇಗೆ? ಅಂಗಳಕ್ಕೆ ಸಗಣಿ ಸಾರಿಸಿದ್ದನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಕೈ ಎಳೆದ ಕಮಾನುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಪೂರ್ತಿಯಾಗಿ ಕಾಣುವ ಕಮಾನು ಕೊನೆಯದು; ಅಂಚು ತುಂಡಾದದ್ದು ಅದಕ್ಕಿಂತ ಮೊದಲಿನದು; ಚೂರೇ ಚೂರು ಉಳಿದದ್ದು ಇನ್ನೂ ಮೊದಲಿನದು. ಸಾರಿಸಿದವರು ಯಾವ ಮೂಲೆಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಯಾವ ಬಾಗಿಲಿಗೆ ಬಂದು ಮುಗಿಸಿದರು, ಬಲಗೈಯೋ ಎಡಗೈಯೋ ಎಂಬುದನ್ನೂ ಹೇಳಬಹುದು. ಕಲ್ಲಿನ ಮೇಲಿನ ಚಕ್ಕೆತಗ್ಗುಗಳನ್ನೂ ಹೀಗೇ ಓದುತ್ತಾರೆ. ಪೂರ್ತಿ ಇರುವ ತಗ್ಗು ಕೊನೆಯ ಪೆಟ್ಟಿನದು, ಕತ್ತರಿಸಿಹೋದದ್ದು ಹಿಂದಿನದು. ನುರಿತ ಕಣ್ಣು ಒಂದೇ ಕಲ್ಲಿನಲ್ಲಿ ಹತ್ತಿಪ್ಪತ್ತು ಪೆಟ್ಟುಗಳನ್ನು ಸರದಿಯಲ್ಲಿ ಹೇಳಬಲ್ಲದು.

ಈ ಓದಿಗೆ ನಮ್ಮ ರಾಜ್ಯದಲ್ಲಿ ಸಿಕ್ಕ ದೊಡ್ಡ ಪುಸ್ತಕ ಇಸಾಂಪುರ. ವಿಜಯಪುರದಿಂದ ಆಗ್ನೇಯಕ್ಕೆ, ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ನಡೆದು ನೂರಾರು ನೆಲೆ ಗುರುತಿಸಿದರು. ಇಸಾಂಪುರದಲ್ಲಿ 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಯಿತು. ಅಲ್ಲಿ ನೆಲದಿಂದ ಎದ್ದ ಸುಣ್ಣಕಲ್ಲಿನ ಹಾಸುಗಳನ್ನೇ ಒಡೆದು ಕೈಗೊಡಲಿ ಮಾಡಿದ್ದರು. ಮಾಡಿ ಮುಗಿಸಿದ ಕೈಗೊಡಲಿಗಳು ಮಾತ್ರವಲ್ಲ, ಅರ್ಧಕ್ಕೆ ಬಿಟ್ಟವು, ತಪ್ಪು ಪೆಟ್ಟು ಬಿದ್ದು ಕೆಟ್ಟವು, ಹೊಡೆಯಲು ಬಳಸಿದ ಬೇರೆ ಜಾತಿಯ ಗುಂಡುಕಲ್ಲುಗಳು, ಹಾರಿದ ಸಾವಿರಾರು ಚಕ್ಕೆಗಳು, ಪುಡಿ, ಎಲ್ಲವೂ ಬಿದ್ದಲ್ಲೇ ಬಿದ್ದಿದ್ದವು. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲಿನ ಹೊಳಪುಪದರವನ್ನು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ.

ಆ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ನಮ್ಮ ಜಾತಿಯ ಮನುಷ್ಯರ ಅತಿ ಹಳೆಯ ಎಲುಬುಗಳು ಆಫ್ರಿಕದ ಮೊರಾಕ್ಕೊದಲ್ಲಿ ಸಿಕ್ಕಿವೆ, ಸುಮಾರು 3 ಲಕ್ಷ ವರ್ಷದವು. ಅಂದರೆ ಇಸಾಂಪುರದ ಕೈಗೊಡಲಿ ಮಾಡಿದವರು ನಾವಲ್ಲ, ನಮಗಿಂತ ಹಿಂದಿನ ಮನುಷ್ಯಜಾತಿ. ಮನುಷ್ಯ ಮಾಡಿದ್ದು ಎಂದಾಗ ಆ ಮನುಷ್ಯನೊಳಗೆ ಅವರನ್ನೂ ಸೇರಿಸಿಕೊಳ್ಳುತ್ತೇವೆ. ಅವರ ಮುಖ ಹೇಗಿತ್ತು, ಮಾತು ಇತ್ತೋ ಇಲ್ಲವೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಮುಂದಿನ ಮೂರು ಪೆಟ್ಟುಗಳನ್ನು ಅವರು ಮನಸ್ಸಿನಲ್ಲಿ ನೋಡಬಲ್ಲವರಾಗಿದ್ದರು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತದೆ. ನನಗೆ ಇದು ಯಾವ ಅರಮನೆಗಿಂತಲೂ ದೊಡ್ಡ ಸಂಗತಿ.

ಗಿರಣಿ ಮಾಡಿದ ಹತಾರ, ಮಂಗ ಮಾಡಿದ ಚಕ್ಕೆ

ಉಬ್ಬು ಇದೆ, ಚಕ್ಕೆ ಇದೆ, ಅಷ್ಟಕ್ಕೇ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಜಗಳವಿದೆ. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಬೆಂಜಮಿನ್ ಹ್ಯಾರಿಸನ್ ಎಂಬ ಕಿರಾಣಿ ವ್ಯಾಪಾರಿ ಅಂಚು ಚಿಪ್ಪಾದ ಚಕಮಕಿ ಕಲ್ಲುಗಳನ್ನು ರಾಶಿ ಹಾಕಿ, ಮನುಷ್ಯನ ಮೊಟ್ಟಮೊದಲ ಹತಾರ ಇವೇ ಎಂದ. ದೊಡ್ಡ ದೊಡ್ಡ ವಿದ್ವಾಂಸರು ನಂಬಿದರು. 1905ರಲ್ಲಿ ಫ್ರಾನ್ಸಿನ ಮಾರ್ಸೆಲಾನ್ ಬೂಲ್ ಒಂದು ಸಿಮೆಂಟ್ ಕಾರ್ಖಾನೆಯ ತೊಟ್ಟಿಯತ್ತ ಬೆರಳು ತೋರಿಸಿದ. ಸುಣ್ಣದ ಮಣ್ಣಿನೊಂದಿಗೆ ಬಂದ ಚಕಮಕಿ ಕಲ್ಲುಗಳು ಆ ತೊಟ್ಟಿಯ ನೀರಿನಲ್ಲಿ ಗಿರಗಿರ ತಿರುಗಿ, ಒಂದಕ್ಕೊಂದು ಬಡಿದು, ಹ್ಯಾರಿಸನ್ನನ ಹತಾರಗಳಂಥವೇ ಆಗಿ ಹೊರಬರುತ್ತಿದ್ದವು.

ಜಗಳಕ್ಕೆ ಅಳತೆಗೋಲು ಕೊಟ್ಟವನು ಆಲ್ಫ್ರೆಡ್ ಬಾರ್ನ್ಸ್, 1939ರಲ್ಲಿ. ಒಂದು ಕಲ್ಲನ್ನು ನೋಡಬೇಡಿ, ರಾಶಿಯನ್ನು ಅಳೆಯಿರಿ ಎಂದ ಅವನು. ಪ್ರಕೃತಿ ಒಡೆದ ಕಲ್ಲುಗಳಲ್ಲಿ ಪೆಟ್ಟಿನ ಮೂಲೆ ಕಿರಿದೂ ಇರುತ್ತದೆ, ಅಗಲವೂ ಇರುತ್ತದೆ, ಹೇಗೆಂದರೆ ಹಾಗೆ. ಮನುಷ್ಯ ಒಡೆದ ರಾಶಿಯಲ್ಲಿ 90 ಡಿಗ್ರಿಯನ್ನು ಮುಟ್ಟುವ, ಮೀರುವ ಮೂಲೆಗಳು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿರುವುದಿಲ್ಲ. ಕಾರಣ ಆಗಲೇ ನೋಡಿದ್ದೇವೆ: ಮೂಲೆ ಅಗಲವಾದ ಕೂಡಲೇ ಬಲ್ಲವನು ಅಲ್ಲಿ ಹೊಡೆಯುವುದನ್ನು ನಿಲ್ಲಿಸುತ್ತಾನೆ. ನದಿಗೆ ಆ ತಿಳಿವಿಲ್ಲ. ಹ್ಯಾರಿಸನ್ನನ ಹತಾರಗಳು ಈ ಅಳತೆಯಲ್ಲಿ ನಪಾಸಾದವು.

2016ರಲ್ಲಿ ಇನ್ನೂ ಕಷ್ಟದ ಪ್ರಶ್ನೆಯೊಂದು ಬ್ರೆಜಿಲ್ ದೇಶದಿಂದ ಬಂತು. ಅಲ್ಲಿನ ಸೆರ್ರಾ ದ ಕಾಪಿವಾರಾ ಕಾಡಿನ ಕಾಪುಚಿನ್ ಮಂಗಗಳು ಕಲ್ಲಿನಿಂದ ಕಲ್ಲಿಗೆ ಹೊಡೆಯುತ್ತವೆ. ಬಂದ ಪುಡಿಯನ್ನು ಒಮ್ಮೊಮ್ಮೆ ನೆಕ್ಕುತ್ತವೆ. ಹೊಡೆಯುವಾಗ ಚೂಪಾದ ಚಕ್ಕೆಗಳು ಹಾರುತ್ತವೆ, ಒಂದೇ ಕಲ್ಲಿನಿಂದ ಸಾಲಾಗಿ ಹಲವು. ಅವುಗಳಲ್ಲಿ ಪೆಟ್ಟಿನ ಎಲ್ಲ ಗುರುತುಗಳೂ ಇವೆ. ಮಂಗಗಳು ಆ ಚಕ್ಕೆಗಳನ್ನು ಯಾವುದಕ್ಕೂ ಬಳಸುವುದಿಲ್ಲ. ಅವಕ್ಕೆ ಬೇಕಾದದ್ದು ಚಕ್ಕೆಯಲ್ಲ. ಹೀಗಾಗಿ ಬಿಡಿ ಚಕ್ಕೆಯೊಂದು ಇನ್ನು ಮೇಲೆ ತಾನೊಂದೇ ನಿಂತು ಸಾಕ್ಷಿ ಹೇಳಲಾರದು. ಎರಡೂ ಮಗ್ಗುಲಿನಿಂದ ಚಕ್ಕೆ ತೆಗೆದು ಬಾಯಿ ಕಟ್ಟಿದ ಕೈಗೊಡಲಿಯ ವಿಷಯ ಬೇರೆ. ಅಲ್ಲಿ ಪೆಟ್ಟುಗಳು ಪರಸ್ಪರ ಕಾಯುತ್ತವೆ. ಅಂಥ ಕ್ರಮವನ್ನು ಆ ಮಂಗಗಳ ರಾಶಿಯಲ್ಲಿ ಯಾರೂ ಕಂಡಿಲ್ಲ.

ಕೆತ್ತದಿದ್ದರೂ ಕೈ ಬಿದ್ದದ್ದು

ಬಿಜಲಿ ಪತ್ಥರಿಗೆ ಈ ಅಳತೆ ಹಿಡಿಯೋಣ. ಆಕಾಶದಿಂದ ಬಿದ್ದ ಕಲ್ಲಿಗೆ ತನ್ನದೇ ಗುರುತುಗಳಿರುತ್ತವೆ. ಗಾಳಿಯನ್ನು ಸೀಳಿ ಬರುವಾಗ ಮೇಲ್ಮೈ ಕರಗಿ ಆದ ತೆಳ್ಳನೆಯ ಕಪ್ಪು ಪೊರೆ, ಬೆರಳೊತ್ತಿದಂಥ ತಗ್ಗುಗಳು, ಒಳಗೆ ನಿಕಲ್ ಬೆರೆತ ಕಬ್ಬಿಣ. ಕಬ್ಬಿಣದ ಉಲ್ಕೆಯನ್ನು ಕೊಯ್ದು ಆಮ್ಲ ಸವರಿದರೆ ಒಂದರೊಳಗೊಂದು ಹೆಣೆದ ಪಟ್ಟಿಗಳು ಏಳುತ್ತವೆ. ಲಕ್ಷಾಂತರ ವರ್ಷ ನಿಧಾನವಾಗಿ ಆರಿದ ಲೋಹದಲ್ಲಷ್ಟೇ ಬರುವ ಹೆಣಿಗೆ ಅದು, ಯಾವ ಕಮ್ಮಾರನೂ ಮಾಡಲಾರ. ಅಂಥ ಕಲ್ಲಿನಲ್ಲಿ ಮನುಷ್ಯನ ಒಂದು ಏಟೂ ಇಲ್ಲ. ಆದರೂ ಎತ್ತಿ ತಂದು, ಸರಪಳಿ ಮಾಡಿಸಿ, ಕಟ್ಟಿ ತೂಗುಬಿಟ್ಟಾಗ ಅದು ಮೊದಲಿನ ಕಲ್ಲಾಗಿ ಉಳಿಯುವುದಿಲ್ಲ. ಇಂಥವನ್ನು ಪುರಾತತ್ವದವರು ಬೇರೆ ಪಟ್ಟಿಯಲ್ಲಿಡುತ್ತಾರೆ: ಹೊತ್ತುತಂದ ವಸ್ತು. ದಕ್ಷಿಣ ಆಫ್ರಿಕದ ಮಕಪಾನ್ಸ್‌ಗಾಟ್ ಗವಿಯಲ್ಲಿ ಸಿಕ್ಕ, ಮುಖದಂತೆ ಕಾಣುವ ಕೆಂಪುಗಲ್ಲು ಇದರ ಹೆಸರಾಂತ ಉದಾಹರಣೆ. ಸುಮಾರು 30 ಲಕ್ಷ ವರ್ಷದ ಹಿಂದೆ ಯಾರೋ ಅದನ್ನು ದೂರದಿಂದ ಅಲ್ಲಿಗೆ ತಂದಿದ್ದರು. ಆ ಜಾತಿಯ ಕಲ್ಲು ಗವಿಯ ಬಳಿ ಇಲ್ಲ ಎಂಬುದೇ ಸಾಕ್ಷಿ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಗಡಿ ದಾಟುತ್ತೇವೆ. 1621ರಲ್ಲಿ ಪಂಜಾಬಿನ ಜಲಂಧರದ ಬಳಿ ಉಲ್ಕೆ ಬಿತ್ತು. ಮೊಘಲ್ ದೊರೆ ಜಹಾಂಗೀರ್ ಅದನ್ನು ತರಿಸಿ, ಕತ್ತಿ ಮಾಡುವ ಉಸ್ತಾದ್ ದಾವೂದನ ಕೈಗೆ ಕೊಟ್ಟ. ಉಲ್ಕೆಯ ಲೋಹ ಬಡಿತಕ್ಕೆ ನಿಲ್ಲದೆ ಸಿಡಿಯಿತು. ಮೂರು ಪಾಲು ಉಲ್ಕೆಗೆ ಒಂದು ಪಾಲು ಸಾಮಾನ್ಯ ಕಬ್ಬಿಣ ಬೆರೆಸಿ ಬಡಿದಾಗ ಕತ್ತಿ, ಚೂರಿಗಳು ಆದವು. ಹಾಗೆ ಮಾಡಿದ ಚೂರಿಯೊಂದು ಈಗ ವಾಷಿಂಗ್ಟನ್ನಿನ ಫ್ರಿಯರ್ ಸಂಗ್ರಹಾಲಯದಲ್ಲಿದೆ. ಅದೇ ಲೋಹ, ಅದೇ ಆಕಾಶ. ಬೆರೆಸಿ ಬಡಿದ ಕ್ರಮ ಮಾತ್ರ ಹೊಸದು. ಅದರಿಂದ ಅದು ಕೈವಸ್ತು.

ಎತ್ತಿ ತರಲಾಗದ್ದು

ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದದ್ದು. ಸುಮಾರು 55 ಟನ್ ತೂಕದ್ದನ್ನೂ ವಿಜಯಪುರದ ಬುರುಜಿನ ಮೇಲೆ ತಂದು ಕೂರಿಸಿದರು. ಎಷ್ಟೇ ಭಾರವಾದರೂ ಕದಲಿಸಬಹುದಾದ್ದರಿಂದ ಅದು ಕೈವಸ್ತು. ತೊರವಿಯ ಕಡೆಯಿಂದ ನಗರಕ್ಕೆ ನೀರು ತಂದ ಕರೇಜ್ ಸುರಂಗವನ್ನು ಕದಲಿಸಲಾಗದು, ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿರುವ ಮುಹಮ್ಮದ್ ಆದಿಲ್ ಶಾಹನ ಕಾಲದ ಕೆರೆಯನ್ನೂ ಕದಲಿಸಲಾಗದು. ಇವನ್ನು ನೆಲಕೃತಿ ಎನ್ನಬಹುದು. ಒಲೆಯ ಗುಣಿ, ಕಂಬ ನೆಟ್ಟ ಕುಳಿ, ಬೂದಿಯ ಪದರು ಕೂಡ ಇದೇ ಬಗೆಯವು. ಲಾವಾ ನೆಲದಲ್ಲಿ ತಾವಾಗಿ ಆದ ಸುರಂಗಗಳೂ ಇರುತ್ತವೆ. ಆದರೆ ಅವು ನೀರಿಗೆ ಬೇಕಾದಷ್ಟೇ ಇಳಿಜಾರನ್ನು ಮೈಲಿಗಟ್ಟಲೆ ಕಾಪಾಡಿಕೊಳ್ಳುವುದಿಲ್ಲ, ನಡುನಡುವೆ ಗಾಳಿಬಾವಿಗಳನ್ನು ತೋಡಿಕೊಳ್ಳುವುದಿಲ್ಲ.

ನೆಲಕೃತಿಯ ವಿಷಯದಲ್ಲಿ ಕರ್ನಾಟಕ ಕಂಡ ಅತಿ ಸೊಗಸಾದ ಒಗಟು ಬೂದಿಗುಡ್ಡಗಳದು. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಗಾಜಿನಂತೆ ಬೆಂದು ಗಟ್ಟಿಯಾದ ಬೂದಿಯ ದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎಂದರು. ಜ್ವಾಲಾಮುಖಿಯ ಬೂದಿ ಎಂದವರೂ ಇದ್ದರು. ರಾಬರ್ಟ್ ಬ್ರೂಸ್ ಫೂಟ್ ಇವು ಹಳೆಯ ದನದೊಡ್ಡಿಗಳಿಗೆ ಸೇರಿದವು ಎಂದು ವಾದಿಸಿದ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಗುರುತಿಸಿ, ಆಮೇಲೆ ನಮ್ಮ ಮಲಪ್ರಭಾ, ಘಟಪ್ರಭಾ ಕಣಿವೆಗಳ ಹತಾರಗಳನ್ನೂ ದಾಖಲಿಸಿದ ಭೂವಿಜ್ಞಾನಿ ಅವನು. ತೆಲಂಗಾಣದ ಉತ್ನೂರಿನಲ್ಲಿ ಇಂಥದೇ ದಿಬ್ಬ ಅಗೆದ ರೇಮಂಡ್ ಆಲ್ಚಿನ್ ಬೂದಿಯ ಕೆಳಗೆ ದನದ ಗೊರಸಿನ ಗುರುತುಗಳನ್ನೇ ಕಂಡ. ದೊಡ್ಡಿ, ಮೇಲೆ ಸಗಣಿ, ಮೇಲೆ ಬೆಂಕಿ, ಮತ್ತೆ ದೊಡ್ಡಿ, ಮತ್ತೆ ಬೆಂಕಿ. ಪದರುಗಳ ಸರದಿ ಓದಿದ್ದರಿಂದಲೇ ಒಗಟು ಒಡೆಯಿತು. ಬೂದಿಯ ಚೂರೊಂದನ್ನು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು ನೋಡುತ್ತ ಕೂತಿದ್ದರೆ ಅದು ಎಂದಿಗೂ ಹೊಳೆಯುತ್ತಿರಲಿಲ್ಲ.

ಈ ಕಾರಣಕ್ಕೇ ನಾನು ಬೇಡಿಕೊಳ್ಳುವುದು: ಹೊಲದಲ್ಲಿ ಚಕ್ಕೆ ತೆಗೆದ ಕಲ್ಲು ಕಂಡರೆ ಕಿಸೆಗೆ ಹಾಕಬೇಡಿ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಮಡ್ಡಿಗಳಿಗೆ ಬಂದಿದೆ. ಬರ ಕಂಡು ಬೇಸತ್ತ ಸೀಮೆಗೆ ನೀರು ಬಂದದ್ದು ದೊಡ್ಡ ಸಂತೋಷ. ನೀರಿನ ಜೊತೆಗೆ ನೆಲ ಸಮ ಮಾಡುವ ಯಂತ್ರಗಳೂ ಬರುತ್ತವೆ. ಯಂತ್ರ ಇಳಿಯುವ ಮುನ್ನ ಕಲ್ಲಿನ ಪಕ್ಕ ಒಂದು ನಾಣ್ಯವಿಟ್ಟು ಬಿದ್ದಲ್ಲೇ ಫೋಟೊ ತೆಗೆದು, ಸುತ್ತ ಇನ್ನೇನಿದೆ ನೋಡಿ, ಗೋಲಗುಮ್ಮಟದ ಎದುರಿನ ನಗಾರಖಾನೆಯ ಪುರಾತತ್ವ ಸಂಗ್ರಹಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸಿದರೆ, ಸರದಿ ಉಳಿಯುತ್ತದೆ.

ತಿಕೋಟಾದ ಬಳ್ಳಿ

ಜೀವವಿರುವುದಕ್ಕೂ ಈ ಅಳತೆ ಹಿಡಿಯಬಹುದೇ? ಅಗೆತದಲ್ಲಿ ಸಿಗುವ ಸುಟ್ಟ ಕಾಳು, ಎಲುಬು, ಹೂಪುಡಿಗಳನ್ನು ಕೈವಸ್ತು ಎನ್ನುವುದಿಲ್ಲ, ಅವು ಜೀವಕುರುಹುಗಳು. ಆದರೂ ಅವುಗಳ ಮೇಲೆ ಕೈ ಬಿದ್ದದ್ದು ಗೊತ್ತಾಗುತ್ತದೆ. ಕಾಡು ಜೋಳದ ಕಾಳು ಮಾಗಿದ ಕೂಡಲೇ ತಾನಾಗಿ ಉದುರುತ್ತದೆ, ಉದುರಿದ ಗಾಯ ನಯವಾಗಿರುತ್ತದೆ. ಸಾಕಿದ ಜೋಳದ ಕಾಳು ತೆನೆ ಬಡಿಯುವವರೆಗೆ ಕಾಯುತ್ತದೆ, ಕಿತ್ತ ಜಾಗ ಒರಟಾಗಿರುತ್ತದೆ. ಉದುರದ ತೆನೆಗಳಷ್ಟೇ ಕೊಯ್ಲಿಗೆ ಸಿಕ್ಕು, ಅವೇ ಬಿತ್ತನೆಗೂ ಹೋಗಿ, ತಲೆಮಾರುಗಟ್ಟಲೆ ಹಾಗೆ ನಡೆದದ್ದರ ಫಲ ಅದು.

ತಿಕೋಟಾ ಸೀಮೆಯ ದ್ರಾಕ್ಷಿ ಇದಕ್ಕಿಂತ ಮುಂದೆ ಹೋಗಿದೆ. ಥಾಮ್ಸನ್ ಸೀಡ್‌ಲೆಸ್ ಹಣ್ಣಿನಲ್ಲಿ ಬೀಜ ಹುಟ್ಟುವುದು ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಆ ಕೊರತೆಯನ್ನು ಮಾಡಿದ್ದು ಪ್ರಕೃತಿಯೇ, ಎಂದೋ ಆದ ವಂಶವಾಹಿಯ ಒಂದು ತಪ್ಪು. ಕಾಡಿನಲ್ಲಾದರೆ ಅಂಥ ಬಳ್ಳಿ ಒಂದು ತಲೆಮಾರಿಗೆ ಮುಗಿಯುತ್ತಿತ್ತು. ಮನುಷ್ಯ ಕಡ್ಡಿ ಮುರಿದು ನೆಟ್ಟ, ಅದರಿಂದ ಇನ್ನೊಂದು ಕಡ್ಡಿ. ಇವತ್ತಿನ ತೋಟಗಳಲ್ಲಿರುವುದು ಆ ಒಂದೇ ಬಳ್ಳಿಯ ಮುಂದುವರಿಕೆ.

ಹಣ್ಣನ್ನು ಮಣೂಕ ಮಾಡುವಾಗ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣದಲ್ಲಿ ಸಣ್ಣ ದಾರಿಗಳು ತೆರೆದು ನೀರು ಬೇಗ ಹೊರಡುತ್ತದೆ. ಶೆಡ್ಡಿನ ಜಾಳಿಗೆಯ ಮೇಲೆ, ನೆರಳಿನಲ್ಲಿ, ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಮುಂದೊಂದು ಕಾಲದಲ್ಲಿ ಈ ಶೆಡ್ಡುಗಳ ನೆಲ ಅಗೆಯುವವರಿಗೆ ದ್ರಾಕ್ಷಿಯ ಬೀಜ ಸಿಗಲಾರದು. ಕಾಡು ದ್ರಾಕ್ಷಿಯ ಬೀಜ ಗಿಡ್ಡ, ದುಂಡು. ಸಾಕಿದ್ದು ಉದ್ದ, ಮೂತಿಯುಳ್ಳದ್ದು ಎಂದು ಬೀಜದ ಆಕಾರದಿಂದಲೇ ಹೇಳುವ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಅವರು ನೋಡಬೇಕಾದದ್ದು ಬಳ್ಳಿಯ ಬುಡವನ್ನು. ನೆಲದಿಂದ ತುಸು ಮೇಲೆ ಕಾಂಡದಲ್ಲಿ ಒಂದು ಗಂಟು ಇರುತ್ತದೆ. ಅದರ ಕೆಳಗಿನದು ಡಾಗ್‌ರಿಜ್, ಉಪ್ಪುನೀರು ಮತ್ತು ಬರ ತಡೆಯುವ ಅಮೆರಿಕದ ಕಾಡು ದ್ರಾಕ್ಷಿಯ ಜಾತಿ. ಮೇಲಿನದು ಪಶ್ಚಿಮ ಏಷ್ಯಾದ ಮೂಲದ ದ್ರಾಕ್ಷಿ. ಕೆಳಗಿನದನ್ನು ಮೊದಲು ನೆಟ್ಟು, ಅದು ಬೇರು ಬಿಟ್ಟು ಬಲಿತ ಮೇಲೆ ಕತ್ತರಿಸಿ, ಮೇಲಿನ ಕಡ್ಡಿಯನ್ನು ಕಸಿ ಮಾಡುತ್ತಾರೆ. ಕೆಳಗಿನ ಗಿಡ ಹಣ್ಣಿಗಾಗಿ ಬೆಳೆಸಿದ್ದಲ್ಲ, ಮುಂದೆ ಕೂರುವ ಕಡ್ಡಿಗಾಗಿ ಬೆಳೆಸಿದ್ದು. ಗಂಟನ್ನು ಉದ್ದಕ್ಕೆ ಸೀಳಿದರೆ ಎರಡು ಜಾತಿಯ ಮರ ಕೂಡಿದ ಗೆರೆ ಕಾಣುತ್ತದೆ. ಅದರ ಮೇಲಿನ ತೋಳುಗಳಲ್ಲಿ ವರ್ಷಕ್ಕೆರಡು ಗಾಯ: ಏಪ್ರಿಲ್ ಚಾಟಣಿಯದೊಂದು, ಅಕ್ಟೋಬರ್ ಚಾಟಣಿಯದೊಂದು. ಏಪ್ರಿಲಿನಲ್ಲಿ ಕತ್ತರಿಸುವುದು ಕಡ್ಡಿ ಬರಲೆಂದು, ಆ ಕಡ್ಡಿಯನ್ನು ಅಕ್ಟೋಬರಿನಲ್ಲಿ ಕತ್ತರಿಸುವುದು ಗೊಂಚಲು ಬರಲೆಂದು. ಹಳೆಯ ಗಾಯದ ಮೇಲೆ ಹೊಸ ಗಾಯ, ಒಂದನ್ನೊಂದು ಅರ್ಧ ಮುಚ್ಚಿಕೊಂಡು, ಎಣಿಸಿಕೊಳ್ಳುವಷ್ಟು ಸ್ಪಷ್ಟವಾಗಿ ಇರುತ್ತವೆ.